ಅಭಿನಂದನೆ ಹೇಳುವ ಹಾಗಿಲ್ಲ

ನಮ್ಮ ಧ್ಯಾನದ ಗುಂಪಿನಲ್ಲಿ ಒಂದು ನಿಯಮವಿದೆ. ಕೂತು ಎದ್ದ ಮೇಲೆ ಎಲ್ಲರೂ ಸುತ್ತಾಗಿ ಕೂತು ಒಂದೆರಡು ನಿಮಿಷ ಮಾತಾಡುತ್ತೇವೆ, ಒಬ್ಬರಾದ ಮೇಲೆ ಒಬ್ಬರು. ಯಾರು ಏನೇ ಹೇಳಲಿ, ಉಳಿದವರು ತುಟಿ ಬಿಚ್ಚುವ ಹಾಗಿಲ್ಲ. ಸಲಹೆ ಕೊಡುವ ಹಾಗಿಲ್ಲ. ಸಮಾಧಾನ ಹೇಳುವ ಹಾಗಿಲ್ಲ. ಅಭಿನಂದನೆ ಕೂಡ ಹೇಳುವ ಹಾಗಿಲ್ಲ. ಮಾತು ಮುಗಿದಾಗ ಕೈ ಜೋಡಿಸಬೇಕು, ಮೂರು ಉಸಿರು ಸುಮ್ಮನಿರಬೇಕು, ಆಮೇಲೆ ಮುಂದಿನವರ ಸರದಿ.

ಸೇರಿದ ಹೊಸದರಲ್ಲಿ ಇದೇನು ಒರಟುತನ ಅನ್ನಿಸಿತ್ತು. ಎದುರಿಗೆ ಕೂತವರ ದನಿ ನಡುಗುತ್ತಿರುವಾಗ ಒಂದು ಒಳ್ಳೆ ಮಾತಾಡಿದರೆ ಗಂಟೇನು ಹೋಗುತ್ತೆ ಅಂತ. ಆದರೆ ಒಂದು ಬುಧವಾರ ಸಂಜೆ ಅದೇ ನಿಯಮ ನನ್ನ ಮಾನ ಉಳಿಸಿತು. ಅಥವಾ ಕಳೆಯಿತು. ಎರಡರಲ್ಲಿ ಯಾವುದು ಅಂತ ಇವತ್ತಿಗೂ ತೀರ್ಮಾನವಾಗಿಲ್ಲ.

ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನು ಒಬ್ಬನಿದ್ದಾನೆ. ಅವತ್ತು ಅವನ ಸರದಿ ಬಂದಾಗ ನಕ್ಕ. ಆಮೇಲೆ "ನನಗೆ ಕೆಲಸ ಸಿಕ್ಕಿತು" ಅಂದ. ಎಲ್ಲಿ, ಯಾವ ಹುದ್ದೆ ಅಂತಲೂ ಹೇಳಿದ. ಅದೇ ಹುದ್ದೆಗೆ ನಾನೂ ಅರ್ಜಿ ಹಾಕಿದ್ದೆ. ಕೊನೆಯ ಸುತ್ತಿನ ಸಂದರ್ಶನದವರೆಗೂ ಹೋಗಿದ್ದೆ. "ತಿಳಿಸುತ್ತೇವೆ" ಅಂದಿದ್ದರು. ತಿಳಿಸಿರಲಿಲ್ಲ. ಈಗ ತಿಳಿಯಿತು.

ನನ್ನ ಕೆಲಸ ಹೋಗಿ ಐದನೇ ತಿಂಗಳು ನಡೆಯುತ್ತಿತ್ತು. ಕೈ ಜೋಡಿಸಿದೆ. ಮೂರು ಉಸಿರು. ನಿಯಮ ಇಲ್ಲದೆ ಹೋಗಿದ್ದರೆ ಎಲ್ಲರಿಗಿಂತ ಮೊದಲು "ಕಂಗ್ರಾಟ್ಸ್!" ಅಂತ ಕೂಗುತ್ತಿದ್ದವರು ನಾನೇ. ಬೆನ್ನು ತಟ್ಟುತ್ತಿದ್ದೆ, ಪಾರ್ಟಿ ಯಾವಾಗ ಅಂತ ಕೇಳುತ್ತಿದ್ದೆ. ಆ ಗದ್ದಲದಲ್ಲಿ ಒಳಗೆ ಏನಾಗುತ್ತಿದೆ ಅಂತ ನನಗೇ ಕೇಳಿಸುತ್ತಿರಲಿಲ್ಲ. ಈಗ ಅಡಗಿಕೊಳ್ಳಲು ಒಂದು ಮಾತೂ ಇರಲಿಲ್ಲ. ಹೊಕ್ಕುಳಿನಿಂದ ನಾಲ್ಕು ಬೆರಳು ಮೇಲೆ ಒಂದು ಜಾಗ ಬಿಸಿಯಾಯಿತು. ಮಾತಿಗೆ ಹೇಳುವುದಲ್ಲ, ನಿಜವಾಗಿಯೂ ಬಿಸಿ. ಹೊಟ್ಟೆಕಿಚ್ಚು ಅಂತ ಹೆಸರಿಟ್ಟವರು ಸುಮ್ನೆ ಇಟ್ಟಿಲ್ಲ. ಯಾರೋ ಕಣ್ಣು ಮುಚ್ಚಿ ಕೂತು, ಎಲ್ಲಿ ಉರಿಯುತ್ತಿದೆ ಅಂತ ನೋಡಿಯೇ ಇಟ್ಟಿರಬೇಕು.

ನಾನು ಧ್ಯಾನಕ್ಕೆ ಬಂದದ್ದು ಯಾವ ದೊಡ್ಡ ಹುಡುಕಾಟದಿಂದಲೂ ಅಲ್ಲ. ನಿದ್ದೆ ಬರುತ್ತಿರಲಿಲ್ಲ, ಅಷ್ಟೇ. ಫೋನಿಗೆ ಒಂದು ಆಪ್ ಹಾಕಿಕೊಂಡೆ. ಬಿಡದೆ ಎಷ್ಟು ದಿನ ಕೂತಿದ್ದೀರಿ ಅಂತ ಅದು ಲೆಕ್ಕ ಇಡುತ್ತಿತ್ತು. 11 ದಿನ, ಆಮೇಲೆ ಸೊನ್ನೆ. 16 ದಿನ, ಮತ್ತೆ ಸೊನ್ನೆ. ಎರಡು ವರ್ಷದಲ್ಲಿ ನಾನು ಚೆನ್ನಾಗಿ ಕಲಿತದ್ದು ಸೊನ್ನೆಯಿಂದ ಶುರು ಮಾಡುವುದನ್ನು. ಆಗಲೇ ಒಂದು ಅಧ್ಯಯನದ ಬಗ್ಗೆ ಓದಿದ್ದೆ. ಹಾರ್ವರ್ಡ್‌ನ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ಪ್ರಕಟಿಸಿದ್ದು. 2,250 ಜನರ ಫೋನಿಗೆ ದಿನದ ಯಾವ್ಯಾವುದೋ ಹೊತ್ತಿನಲ್ಲಿ ಪ್ರಶ್ನೆ ಕಳಿಸುತ್ತಿದ್ದರು. ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯಾ, ಹೇಗನ್ನಿಸುತ್ತಿದೆ? ಸುಮಾರು 47 ಪರ್ಸೆಂಟ್ ಸಲ ಮನಸ್ಸು ಬೇರೆಲ್ಲೋ ಇತ್ತು. ಬೇರೆಲ್ಲೋ ಇದ್ದಾಗ ಖುಷಿಯೂ ಕಡಿಮೆ ಇತ್ತು. ಹಿತವಾದದ್ದನ್ನೇ ಯೋಚಿಸುತ್ತಿದ್ದರೂ, ಕೈಯಲ್ಲಿರುವ ಕೆಲಸದಲ್ಲೇ ಮನಸ್ಸಿಟ್ಟವರಿಗಿಂತ ಹೆಚ್ಚೇನೂ ಖುಷಿಯಾಗಿರಲಿಲ್ಲ. 47 ಅನ್ನುವುದು ನನ್ನ ಮಟ್ಟಿಗೆ ಬಹಳ ಉದಾರವಾದ ಅಂಕಿ ಅನ್ನಿಸಿತು.

ಆಮೇಲೆ ಈ ಗುಂಪು. ಹನ್ನೊಂದು ಜನ. ಒಂದು ವರ್ಷದ ಮಾತು ಕೊಟ್ಟು ಸೇರಬೇಕು. ಪ್ರತಿ ಬುಧವಾರ ಸಂಜೆ, ಮಳೆ ಇರಲಿ, ಮೂಡ್ ಇರಲಿ ಇಲ್ಲದಿರಲಿ. ಬರಲು ಆಗದಿದ್ದರೆ ಗುಂಪಿಗೆ ಮೆಸೇಜ್ ಹಾಕಿ ಕೈತೊಳೆದುಕೊಳ್ಳುವ ಹಾಗಿಲ್ಲ. ನಿಮ್ಮ ಜೊತೆಗಾರರಿಗೆ ಫೋನ್ ಮಾಡಿ ಬಾಯಿಬಿಟ್ಟು ಹೇಳಬೇಕು. ಈ ಒಂದು ಕಟ್ಟಳೆಯಿಂದ ಎಷ್ಟು ನೆಪಗಳು ಗಂಟಲಲ್ಲೇ ಸತ್ತಿವೆಯೋ ಲೆಕ್ಕವಿಲ್ಲ. ಮೊದಲು 40 ನಿಮಿಷ ಉಸಿರಿನ ಜೊತೆ ಕೂರುವುದು. ಹತ್ತು ನಿಮಿಷ ನಿಧಾನ ನಡಿಗೆ. ಆಮೇಲೆ ಮಾತಿನ ಸುತ್ತು. ಕೊನೆಗೆ 20 ನಿಮಿಷ ಇನ್ನೊಂದು ಸಲ ಕೂರುವುದು.

ಒಬ್ಬರೇ ಕೂತಾಗ ಮನಸ್ಸು ಸಾಕು ಅಂದರೆ ಸಾಕು. ಏಳುತ್ತೀರಿ, ಯಾರು ಕೇಳಬೇಕು? ಗುಂಪಿನಲ್ಲಿ 25ನೇ ನಿಮಿಷಕ್ಕೆ ಮಂಡಿ ಕಿರುಚಲು ಶುರು ಮಾಡುತ್ತದೆ. ಕಣ್ಣು ಸ್ವಲ್ಪ ತೆರೆದು ನೋಡಿದರೆ ಹತ್ತೂ ಜನ ಕಲ್ಲಿನ ಹಾಗೆ ಕೂತಿದ್ದಾರೆ. (ಅವರ ಮಂಡಿಗಳೂ ಕಿರುಚುತ್ತಿದ್ದವು ಅನ್ನುವುದು ಎಷ್ಟೋ ದಿನದ ಮೇಲೆ ಸುತ್ತಿನಲ್ಲಿ ಗೊತ್ತಾಯಿತು.) ಮೊದಲ ಮೂರು ತಿಂಗಳು ನನ್ನನ್ನು ಆ ದಿಂಬಿನ ಮೇಲೆ ಕೂರಿಸಿದ್ದು ಶ್ರದ್ಧೆಯಲ್ಲ, ನಾಚಿಕೆ. ಇದನ್ನು ಗುಂಪಿನ ಹಿರಿಯರೊಬ್ಬರ ಹತ್ತಿರ ಒಪ್ಪಿಕೊಂಡಾಗ ಅವರು ನಕ್ಕರು. ನಾಚಿಕೆಯನ್ನು ಬುದ್ಧ ಲೋಕ ಕಾಯುವ ಎರಡು ಗುಣಗಳಲ್ಲಿ ಒಂದು ಅಂದಿದ್ದಾನೆ, ಪಾಳಿಯಲ್ಲಿ, ಅಂದರೆ ಹಳೆಯ ಬೌದ್ಧ ಗ್ರಂಥಗಳ ಭಾಷೆಯಲ್ಲಿ, ಅದಕ್ಕೆ ಹಿರಿ ಅನ್ನುತ್ತಾರೆ, ಅದರಿಂದ ಶುರುವಾದರೆ ತಪ್ಪೇನಿಲ್ಲ ಅಂದರು.

ಶಿಷ್ಯ ಆನಂದ ಒಮ್ಮೆ ಬುದ್ಧನ ಹತ್ತಿರ ಬಂದು, ಒಳ್ಳೆಯ ಗೆಳೆಯರ ಜೊತೆ ಅನ್ನುವುದು ಈ ಸಾಧನೆಯಲ್ಲಿ ಅರ್ಧ ಪಾಲು ಅನ್ನುತ್ತಾನಂತೆ. ದೊಡ್ಡ ಮಾತು ಹೇಳಿದೆ ಅಂತ ಅವನಿಗೆ ಅನ್ನಿಸಿರಬೇಕು. ಬುದ್ಧ ಒಪ್ಪುವುದಿಲ್ಲ. ಹಾಗನ್ನಬೇಡ ಆನಂದ, ಅರ್ಧವಲ್ಲ, ಪೂರ್ತಿ ಅದೇ ಅನ್ನುತ್ತಾನೆ. ನಾನು ಇದನ್ನು ಮೊದಲು ಕೇಳಿದಾಗ, ಒಳ್ಳೆಯ ಗೆಳೆಯರು ಅಂದರೆ ನನಗೆ ಸಹಾಯ ಮಾಡುವವರು, ಹುರಿದುಂಬಿಸುವವರು ಅಂದುಕೊಂಡಿದ್ದೆ. ನನಗಿಂತ ಮೊದಲು ಕೆಲಸ ಗಿಟ್ಟಿಸಿಕೊಳ್ಳುವವರೂ ಆ ಪಟ್ಟಿಯಲ್ಲಿ ಬರುತ್ತಾರೆ ಅಂತ ತಲೆಗೆ ಹೊಳೆದಿರಲಿಲ್ಲ.

ಭಾವನೆ ಅನ್ನುವ ಮಾತನ್ನೇ ನೋಡಿ. ನಮಗೆ ಭಾವನೆ ಅಂದರೆ ತಾನಾಗಿ ಬರುವಂಥದ್ದು. ಬಂತು, ಹೋಯಿತು, ನಮ್ಮ ಕೈಯಲ್ಲಿ ಏನಿದೆ? ಪಾಳಿಯ ಭಾವನಾ ಹಾಗಲ್ಲ. ಅದರ ಅರ್ಥ ಆಗಿಸುವುದು, ಬೆಳೆಸುವುದು. ಧ್ಯಾನಕ್ಕೆ ಬೌದ್ಧರು ಬಳಸುವ ಹಳೆಯ ಮಾತುಗಳಲ್ಲಿ ಇದೂ ಒಂದು. ಆಯುರ್ವೇದದವರು ಔಷಧಿಗೆ ಭಾವನೆ ಕೊಡುವುದು ಅನ್ನುತ್ತಾರಲ್ಲ, ಪುಡಿಗೆ ರಸ ಹಾಕಿ ಅರೆದು, ಒಣಗಿಸಿ, ಮತ್ತೆ ರಸ ಹಾಕಿ ಅರೆಯುವುದು, ಅದು ಇದಕ್ಕೆ ಹತ್ತಿರ. ಸಂತೋಷವನ್ನೂ ಹಾಗೆ ಅರೆದು ಅರೆದು ಬರಿಸಬಹುದು ಅನ್ನುವುದು ನನಗೆ ನಂಬಲು ಕಷ್ಟವಾಗಿತ್ತು. ನಾಟಕ ಅನ್ನಿಸುತ್ತಿತ್ತು.

ಇನ್ನೊಂದು ತೊಂದರೆಯೂ ಇತ್ತು, ಅದನ್ನು ಹೇಳಿಕೊಳ್ಳಲು ಸಂಕೋಚ. ಕೆಲಸ ಹೋದ ಮೇಲೆ ಧ್ಯಾನ ಚೆನ್ನಾಗಿ ಆದ ದಿನ ನನಗೆ ಭಯವಾಗುತ್ತಿತ್ತು. ಉಸಿರು ತೆಳುವಾಗುತ್ತದೆ, ತೋಳಿನ ಮೇಲೆ ಕೂದಲು ನಿಲ್ಲುತ್ತದೆ, ಎದೆಯಲ್ಲಿ ಸಣ್ಣ ಅಲೆ ಎದ್ದ ಹಾಗೆ. ಇದನ್ನು ಪಾಳಿಯಲ್ಲಿ ಪೀತಿ ಅನ್ನುತ್ತಾರೆ. ನಮ್ಮ ಪ್ರೀತಿಯೇ ಅದು, ಅರ್ಥ ಮಾತ್ರ ಬೇರೆ, ಪುಲಕ ಅನ್ನಬಹುದು. 5ನೇ ಶತಮಾನದಲ್ಲಿ ಶ್ರೀಲಂಕಾದಲ್ಲಿ ಕೂತು ವಿಶುದ್ಧಿಮಗ್ಗ ಅನ್ನುವ ಸಾಧನೆಯ ಗ್ರಂಥ ಬರೆದ ಬೌದ್ಧ ಪಂಡಿತ ಬುದ್ಧಘೋಷ ಇದರಲ್ಲಿ ಐದು ಬಗೆ ಎಣಿಸುತ್ತಾನೆ. ರೋಮ ನಿಲ್ಲಿಸುವಷ್ಟು ಸಣ್ಣದು, ಮಿಂಚಿನಂತೆ ಬಂದು ಹೋಗುವುದು, ದಡಕ್ಕೆ ಅಲೆ ಬಡಿದಂತೆ ಬರುವುದು, ಮೈಯನ್ನೇ ಎತ್ತುವಂಥದ್ದು, ಇಡೀ ಮೈ ತುಂಬಿಕೊಳ್ಳುವುದು. ಸುಖ ಬೇರೆ, ಪೀತಿ ಬೇರೆ ಅಂತಲೂ ಹೇಳುತ್ತಾನೆ. ಮರಳುಗಾಡಿನಲ್ಲಿ ಬಳಲಿದವನಿಗೆ ದೂರದಲ್ಲಿ ನೀರು ಕಂಡಾಗ ಆಗುವುದು ಪೀತಿ. ನೆರಳಿಗೆ ಬಂದು ಆ ನೀರು ಕುಡಿದಾಗ ಆಗುವುದು ಸುಖ. ನನಗೆ ದಕ್ಕಿದ್ದು ಮೊದಲ ಬಗೆ ಮಾತ್ರ. ತೋಳಿನ ಕೂದಲು, ಅಷ್ಟೇ. ಅದಕ್ಕೇ ಒಳಗಿಂದ ಯಾರೋ ಗದರುತ್ತಿದ್ದರು. ಕೈಯಲ್ಲಿ ಕೆಲಸವಿಲ್ಲ, ಇಲ್ಲಿ ಕೂತು ಪುಲಕವಂತೆ!

ಈ ಗದರಿಕೆ ಬುದ್ಧನಿಗೂ ಗೊತ್ತಿತ್ತು ಅನ್ನುವುದೇ ನನಗೆ ದೊಡ್ಡ ಸಮಾಧಾನ. ವರ್ಷಗಟ್ಟಲೆ ಉಪವಾಸ ಮಾಡಿ ಎಲುಬಿನ ಗೂಡಾದ ಮೇಲೆ ಅವನಿಗೆ ಚಿಕ್ಕಂದಿನ ಒಂದು ದಿನ ನೆನಪಾಗುತ್ತದೆ. ಅಪ್ಪ ಕೆಲಸದಲ್ಲಿದ್ದ. ತಾನು ನೇರಳೆ ಮರದ ತಂಪಿನಲ್ಲಿ ಕೂತಿದ್ದೆ. ಮನಸ್ಸು ತಾನೇ ತಿಳಿಯಾಗಿ, ಒಂದು ಸುಖ ಹುಟ್ಟಿತ್ತು. ಆಗ ಅವನು ತನ್ನನ್ನೇ ಕೇಳಿಕೊಳ್ಳುತ್ತಾನೆ. ಆಸೆಯ ಜೊತೆ, ಕೆಟ್ಟದ್ದರ ಜೊತೆ ನಂಟಿಲ್ಲದ ಆ ಸುಖಕ್ಕೆ ನಾನು ಯಾಕೆ ಹೆದರುತ್ತಿದ್ದೇನೆ? ಹೆದರಬೇಕಾಗಿಲ್ಲ ಅನ್ನಿಸಿದ ಮೇಲೆಯೇ ಅವನು ಮತ್ತೆ ಊಟ ಮಾಡುತ್ತಾನೆ, ದಾರಿ ತಿರುಗುತ್ತದೆ. ಬುದ್ಧನ ಕತೆಯಲ್ಲಿ ಎಲ್ಲರೂ ಬೋಧಿ ಮರದ ಹತ್ತಿರ ನಿಲ್ಲುತ್ತಾರೆ. ನನ್ನನ್ನು ಕೇಳಿದರೆ ನೇರಳೆ ಮರದ್ದೇ ಮುಖ್ಯವಾದ ಪ್ರಸಂಗ.

ಬುಧವಾರಕ್ಕೆ ವಾಪಸ್ಸು ಬರುತ್ತೇನೆ.

ಕೊನೆಯ 20 ನಿಮಿಷಕ್ಕೆ ನಾವು ಬ್ರಹ್ಮವಿಹಾರ ಅನ್ನುವ, ಮನಸ್ಸಿನಲ್ಲಿ ಬೆಳೆಸಬೇಕಾದ ನಾಲ್ಕು ಗುಣಗಳನ್ನು ತಿಂಗಳಿಗೊಂದರಂತೆ ಇಟ್ಟುಕೊಳ್ಳುತ್ತೇವೆ. ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ (ಕಡೆಗಣಿಸುವುದಲ್ಲ, ಸಮಚಿತ್ತ). ಅದು ಮುದಿತೆಯ ತಿಂಗಳು. ಮುದಿತೆ ಅಂದರೆ ಇನ್ನೊಬ್ಬರ ಸಂತೋಷ ನೋಡಿ ಸಂತೋಷಪಡುವುದು. ಇದಕ್ಕೆ ದಿನಬಳಕೆಯ ಕನ್ನಡದಲ್ಲಿ ಒಂಟಿ ಪದ ಹುಡುಕಿ ನೋಡಿ, ನನಗಂತೂ ಸಿಗಲಿಲ್ಲ. ಹೊಟ್ಟೆಕಿಚ್ಚಿಗಾದರೆ ಹೊಟ್ಟೆಯುರಿ, ಕರುಬು, ಮತ್ಸರ, ಅಸೂಯೆ ಅಂತ ಸಾಲೇ ಇದೆ. ಯಾವುದನ್ನು ಜಾಸ್ತಿ ಬಳಸುತ್ತೇವೋ ಅದಕ್ಕೆ ಹೆಸರು ಜಾಸ್ತಿ.

ಮುದಿತೆಯನ್ನು ಯಾರಿಂದ ಶುರು ಮಾಡಬೇಕು ಅನ್ನುವುದಕ್ಕೂ ಬುದ್ಧಘೋಷ ದಾರಿ ಹೇಳಿದ್ದಾನೆ. ಬರೀ ಇಷ್ಟದವರು ಸಾಲದು. ಸದಾ ಖುಷಿಯಾಗಿರುವ, ಮೊದಲು ನಕ್ಕು ಆಮೇಲೆ ಮಾತಾಡುವ ಆಪ್ತ ಗೆಳೆಯನನ್ನು ಮನಸ್ಸಿಗೆ ತಂದುಕೊ ಅನ್ನುತ್ತಾನೆ. ಮೊದಲು ನಕ್ಕು ಆಮೇಲೆ ಮಾತಾಡುವವನು! ಒಂದೂವರೆ ಸಾವಿರ ವರ್ಷದ ಹಿಂದಿನ ಪಂಡಿತನ ಪುಸ್ತಕದಲ್ಲಿ ಇಂಥದ್ದೊಂದು ಸಿಗುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಹಾಗಿರುವವರು ಯಾರು ಅಂತ ತಿಂಗಳ ಮೊದಲ ವಾರ ಯೋಚಿಸಿದಾಗ ನನಗೆ ಒಬ್ಬನೇ ಹೊಳೆದದ್ದು. ನಮ್ಮ ಗುಂಪಿನ ಈ ಹುಡುಗ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ನಗು, ಆಮೇಲೆ ಮಾತು. ಸರಿ, ಅವನನ್ನೇ ಇಟ್ಟುಕೊಂಡೆ. ನಿನ್ನ ಸಂತೋಷ ಕುಂದದಿರಲಿ, ನಿನ್ನ ಏಳಿಗೆ ನಿಲ್ಲದಿರಲಿ. ಮೂರು ವಾರ, ಮನೆಯಲ್ಲೂ, ದಿನಾ ಹಾರೈಸಿದೆ. ಹಾರೈಕೆ ಫಲಿಸಿತು. ನನ್ನ ಖರ್ಚಿನಲ್ಲಿ.

ಅವತ್ತಿನ 20 ನಿಮಿಷ ಹೇಳತೀರದು. ಅವನು ನನ್ನ ಎಡಗಡೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕೂತಿದ್ದ. ಉಸಿರು ಕೇಳಿಸುತ್ತಿತ್ತು. "ನಿನ್ನ" ಅನ್ನುತ್ತಿದ್ದೆ, ಮುಂದಿನ ಪದ ಬರುತ್ತಿರಲಿಲ್ಲ. ನಿನ್ನ. ನಿನ್ನ. ಆಮೇಲೆ ಸಂದರ್ಶನದ ಕೋಣೆ ಕಾಣಿಸಿತು. ನಾನು ಕೊಟ್ಟ ಉತ್ತರಗಳು, ಕೊಡಬೇಕಾಗಿದ್ದ ಉತ್ತರಗಳು. ನಂತರ ಒಂದು ಹೊಸ ವೇಷ ಬಂತು. ಅಯ್ಯೋ, ಆ ಕೆಲಸ ಅಷ್ಟೇನೂ ದೊಡ್ಡದಲ್ಲ ಬಿಡು, ಅವನಿಗೂ ಆರು ತಿಂಗಳಲ್ಲಿ ಗೊತ್ತಾಗುತ್ತೆ. ಇದಕ್ಕೂ ಹಳೆಯವರ ಹತ್ತಿರ ಹೆಸರಿದೆ. ಮುದಿತೆಯ ದೂರದ ಶತ್ರು ಅರತಿ ಅನ್ನುತ್ತಾರೆ, ರುಚಿಸದಿರುವುದು, ಬೇಸರ. ಯಾರಾದರೂ ಸಂತೋಷದ ಸುದ್ದಿ ಹೇಳಿದಾಗ "ಹೌದಾ, ಒಳ್ಳೇದಾಯ್ತು" ಅಂತ ಹೇಳಿ ಮಾತು ಬೇರೆ ಕಡೆ ತಿರುಗಿಸುತ್ತೇವಲ್ವಾ, ಅದೇ. ನನ್ನ ಕಿಚ್ಚಿಗಿಂತ ಈ ಬೇಸರ ನನಗೆ ಹೆಚ್ಚು ನಾಚಿಕೆ ತಂದಿತು. ಕಿಚ್ಚಿನಲ್ಲಿ ಕೊನೇಪಕ್ಷ ಅವನ ಸಂತೋಷ ದೊಡ್ಡದಾಗಿಯೇ ಇತ್ತು. ಬೇಸರ ಅದನ್ನು ಚಿಕ್ಕದು ಮಾಡಿತು.

ಮೈತ್ರಿಯಿಂದ ಆಗುವ ಲಾಭ 11 ಅಂತ ಬುದ್ಧ ಪಟ್ಟಿ ಕೊಟ್ಟಿದ್ದಾನೆ. ಮೊದಲನೆಯದೇ ಸುಖವಾಗಿ ನಿದ್ದೆ ಬರುವುದು. ಆ ರಾತ್ರಿ ಒಂದು ಗಂಟೆಗೆ ಎದ್ದು ಕೂತು ಆ ಪಟ್ಟಿ ನೆನೆಸಿಕೊಂಡು ನಗು ಬಂತು.

ಗುಂಪಿನ ಬಗ್ಗೆ ಹೊಗಳಿಯೇ ಬರೆಯುತ್ತಿದ್ದೇನೆ ಅನ್ನಿಸಬಾರದು. ಇಲ್ಲೂ ಯಾರ ಬೆನ್ನು ನೇರ ಅಂತ ಒಳಗೊಳಗೇ ಪೈಪೋಟಿ ಇದೆ. ತಮಗಾದ ಬೆಳಕಿನ ಅನುಭವವನ್ನು ನಿಧಾನ ದನಿಯಲ್ಲಿ ವರ್ಣಿಸುವವರಿದ್ದಾರೆ. ಸುತ್ತಿನ ಮೌನ ಕೆಲವರಿಗೆ ಆಗಿಬರುವುದಿಲ್ಲ, ಇಬ್ಬರು ಬಿಟ್ಟು ಹೋದರು. ಮನಸ್ಸು ನಿಜವಾಗಿ ಕುಸಿದಿದ್ದಾಗ ದಿಂಬಿನ ಮೇಲೆ ಕೂರುವುದು ಡಾಕ್ಟರ ಬದಲಿಗೆ ಆಗುವುದಿಲ್ಲ. ಅದನ್ನು ನಮ್ಮಲ್ಲಿ ಮೊದಲ ದಿನವೇ ಹೇಳುತ್ತಾರೆ, ಹೇಳದ ಗುಂಪಿನಿಂದ ದೂರ ಇರುವುದು ಒಳ್ಳೆಯದು.

ಮುಂದಿನ ಬುಧವಾರ ಹೋಗಬಾರದು ಅಂದುಕೊಂಡೆ. ಆದರೆ ಹೋಗದಿದ್ದರೆ ಜೊತೆಗಾರರಿಗೆ ಫೋನ್ ಮಾಡಬೇಕು. ಏನಂತ ಹೇಳಲಿ? ಹೋದೆ. ನನ್ನ ಸರದಿ ಬಂದಾಗ ಬಾಯಿಂದ ಹೊರಬಿತ್ತು. "ಹೋದ ವಾರ ಇಲ್ಲೊಬ್ಬರಿಗೆ ಸಿಕ್ಕಿದ ಕೆಲಸಕ್ಕೆ ನಾನೂ ಹೋಗಿದ್ದೆ. ಕೇಳಿದಾಗ ಹೊಟ್ಟೆಕಿಚ್ಚಾಯಿತು. ಇನ್ನೂ ಇದೆ."

ಯಾರೂ "ಛೇ ಛೇ, ಹಾಗೆಲ್ಲ ಅಂದುಕೋಬೇಡಿ" ಅನ್ನಲಿಲ್ಲ. "ನಿಮಗೂ ಒಳ್ಳೆಯದು ಸಿಗುತ್ತೆ" ಅನ್ನಲಿಲ್ಲ. ಅವನು "ಸಾರಿ" ಅನ್ನುವ ಹಾಗೂ ಇರಲಿಲ್ಲ. ಹತ್ತು ಜೊತೆ ಕೈಗಳು ಕೂಡಿಕೊಂಡವು. ಎಡಗಡೆಯ ಒಂದು ಜೊತೆ ಬೆರಳ ತುದಿ ಸ್ವಲ್ಪ ನಡುಗುತ್ತಿತ್ತು. ಮೂರು ಉಸಿರು. ಆ ಮೂರು ಉಸಿರಿನಷ್ಟು ಉದ್ದದ ಹೊತ್ತನ್ನು ನಾನು ಕಂಡಿಲ್ಲ. ಅದು ಮುಗಿದಾಗ ಹೇಳಿದ ಮಾತು ಹೇಳಿದಲ್ಲೇ ಇತ್ತು, ಯಾರೂ ಅದನ್ನು ಎತ್ತಿಕೊಂಡು ಓಡಾಡಲಿಲ್ಲ. ಸರದಿ ಮುಂದಿನವರಿಗೆ ಹೋಯಿತು. ಅವರು ತಮ್ಮ ಸೊಂಟನೋವಿನ ಬಗ್ಗೆ ಮಾತಾಡಿದರು.

ಅನುರುದ್ಧ, ನಂದಿಯ, ಕಿಂಬಿಲ ಅನ್ನುವ ಮೂವರು ಭಿಕ್ಷುಗಳು ಒಂದು ಕಾಡಿನಲ್ಲಿ ಒಟ್ಟಿಗಿದ್ದರು. ಬುದ್ಧ ನೋಡಲು ಹೋಗಿ, ಹೇಗಿದ್ದೀರಿ ಅಂತ ಕೇಳಿದಾಗ, ಹಾಲು ನೀರು ಬೆರೆತ ಹಾಗೆ ಇದ್ದೇವೆ ಅನ್ನುತ್ತಾರೆ. (ನಮಗೆ ಹಾಲಿಗೆ ನೀರು ಅಂದರೆ ಮೊದಲು ಮೋಸವೇ ನೆನಪಾಗುತ್ತದೆ, ಇರಲಿ.) ಹೇಗೆ ಸಾಧ್ಯವಾಯಿತು ಅಂದರೆ ದೊಡ್ಡ ತತ್ವವನ್ನಷ್ಟೇ ಹೇಳಿ ಬಿಡುವುದಿಲ್ಲ. ಮೊದಲು ಬಂದವನು ಆಸನ ಹಾಕಿ ನೀರು ಇಡುತ್ತಾನೆ. ಕೊನೆಗೆ ಬಂದವನು ಎತ್ತಿಟ್ಟು ಗುಡಿಸುತ್ತಾನೆ. ನೀರಿನ ಗಡಿಗೆ ಖಾಲಿ ಕಂಡವನು ತುಂಬುತ್ತಾನೆ. ಭಾರ ಜಾಸ್ತಿಯಾದರೆ ಕೈಸನ್ನೆ ಮಾಡಿ ಇನ್ನೊಬ್ಬನನ್ನು ಕರೆದು ಇಬ್ಬರೂ ಎತ್ತುತ್ತಾರೆ, ಅದಕ್ಕಾಗಿ ಮಾತಾಡುವುದಿಲ್ಲ.

ಅವತ್ತು ಎತ್ತಿಡುವ ಸರದಿ ನನ್ನದು. ದಿಂಬುಗಳನ್ನು ಮೂಲೆಗೆ ಒಟ್ಟಿದೆ. ಉದ್ದದ ಜಮಖಾನ ಒಬ್ಬರಿಗೆ ಸುತ್ತಲು ಬರುವುದಿಲ್ಲ, ಸೊಟ್ಟಗಾಗುತ್ತದೆ. ತಲೆಯೆತ್ತಿದರೆ ಅವನು ಇನ್ನೂ ಹೋಗಿರಲಿಲ್ಲ, ಬಾಗಿಲ ಹತ್ತಿರ ನಿಂತಿದ್ದ. ಕರೆಯಬೇಕೋ ಬೇಡವೋ ಅನ್ನಿಸಿತು. ಕೈಯಾಡಿಸಿದೆ. ಬಂದು ಆ ತುದಿ ಹಿಡಿದ. ಇಬ್ಬರೂ ಬಗ್ಗಿ, ಒಂದೊಂದು ಗೇಣು ಸುತ್ತುತ್ತಾ, ಈ ಗೋಡೆಯಿಂದ ಆ ಗೋಡೆಯವರೆಗೆ ಹೋದೆವು. ಅವನ ಕಡೆ ಸ್ವಲ್ಪ ಮುಂದಾದರೆ ನಿಲ್ಲುತ್ತಿದ್ದ, ನನ್ನ ಕಡೆ ಮುಂದಾದರೆ ನಾನು.

ದ್ವೇಷ ಹೋಗಲಾಡಿಸಲು ಬುದ್ಧಘೋಷ ಉಪಾಯಗಳ ಒಂದು ಉದ್ದ ಸಾಲನ್ನೇ ಕೊಡುತ್ತಾನೆ. ಅವನ ಒಳ್ಳೆಯ ಗುಣ ನೆನೆ, ಕೋಪದಿಂದ ನಿನಗೇ ನಷ್ಟ ಅಂದುಕೊ, ಹೀಗೆ. ಯಾವುದೂ ಫಲಿಸದಿದ್ದರೆ ಕೊನೆಗೆ ಒಂದು ಮಾಡು ಅನ್ನುತ್ತಾನೆ, ಅವನಿಗೆ ಏನಾದರೂ ಕೊಡು. ಇಷ್ಟೊಂದು ಧ್ಯಾನದ ಮಾತಾಡಿ ಕೊನೆಗೆ ಏನಾದರೂ ಕೊಡು ಅನ್ನುವ ಈ ಜಾಗ ನನಗೆ ಬಹಳ ಇಷ್ಟ. ನನ್ನ ಹತ್ತಿರ ಒಂದು ನೋಟ್‌ಬುಕ್ ಇತ್ತು. ಆ ಹುದ್ದೆಗಾಗಿಯೇ ಎರಡು ತಿಂಗಳು ಕೂತು ಮಾಡಿಕೊಂಡ ಟಿಪ್ಪಣಿ. ಹಳೆಯ ಕೆಲಸದಲ್ಲಿ ಕಲಿತದ್ದೆಲ್ಲ ಅದರಲ್ಲಿತ್ತು, ಸಂದರ್ಶನಕ್ಕೆ ನನಗೆ ನಾನೇ ಬರೆದುಕೊಂಡ ಬುದ್ಧಿಮಾತುಗಳೂ ಇದ್ದವು. ಒಂದು ವಾರ ಬ್ಯಾಗಿಗೆ ಹಾಕಿದೆ, ತೆಗೆದೆ, ಹಾಕಿದೆ. ಕೊಡುವಾಗ ಮನಸ್ಸು ಉದಾರವಾಗಿತ್ತು ಅಂತ ಹೇಳಿದರೆ ಸುಳ್ಳು. ಕಹಿ ಔಷಧಿ ಕುಡಿಯುವವರ ಹಾಗೆ ಕೊಟ್ಟೆ. "ಕೆಲಸಕ್ಕೆ ಬರಬಹುದು, ನೋಡು" ಅಂದೆ.

ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತು ಪುಟ ತಿರುಗಿಸಿದ. ಒಂದು ಕಡೆ ಬೆರಳು ನಿಂತಿತು. ನಾನು ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದು ಬರೆದಿದ್ದ ಸಾಲು. "ಸಂಬಳದ ಮಾತು ಬಂದಾಗ ಯಾವ ಕಾರಣಕ್ಕೂ ನಗಬಾರದು."

ಮೊದಲು ನಕ್ಕ. ಆಮೇಲೆ ಹೇಳಿದ. "ನಾನು ನಕ್ಕುಬಿಟ್ಟಿದ್ದೆ."

ನನಗೂ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಅವನ ಪಕ್ಕ ಕೂತೆ. ಹೊಕ್ಕುಳಿನಿಂದ ನಾಲ್ಕು ಬೆರಳು ಮೇಲೆ, ಅದೇ ಜಾಗ.